ಕತ್ತರಿಸಿದ ದೃಶ್ಯದಲ್ಲಿ ಒಂದು ಬೆರಳು

ತೈಹಾಪೆ ಪೇಟೆಯಾಚೆಯ ನಮ್ಮ ಕಣಿವೆ,
ಜುಲೈ ತಿಂಗಳು, ಮಂಗಳವಾರ

ಪ್ರೀತಿಯ ಕರ್ಸ್ಟಿ,

ನೀನು ಹುಷಾರಾಗಿದ್ದೀಯ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಎಂದು ನಂಬಿಕೊಂಡು ಶುರುಮಾಡುತ್ತೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಎಷ್ಟು ಚೆನ್ನಾಗಿದ್ದೇವೆ ಅನ್ನುವುದನ್ನು ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ನಿಮ್ಮಪ್ಪ ಪಕ್ಕದ ಕೋಣೆಯಲ್ಲಿ ಟಿವಿ ಸದ್ದು ತಗ್ಗಿಸಿ ಕಿವಿಗೊಟ್ಟು ಕೂರುತ್ತಾನೆ. ಹಾಗಾಗಿ ಒಲೆಯ ಪಕ್ಕ ಕೂತು, ಬೆಕ್ಕನ್ನು ಮೇಜಿನಿಂದ ಓಡಿಸಿ, ಬರೆಯುತ್ತಿದ್ದೇನೆ.

ಹೋದ ವಾರ ನೀನು ಎರಡು ಪ್ರಶ್ನೆ ಕೇಳಿದ್ದೆ. ಒಂದು, ಆ ಗಂಟೆಯ ಸಿನಿಮಾದ್ದು ಮತ್ತೊಂದು ಉದ್ದನೆಯ ಆವೃತ್ತಿ ಬಂದಿದೆಯಂತೆ, ಅಪ್ಪನ ಹುಟ್ಟುಹಬ್ಬಕ್ಕೆ ಕೊಳ್ಳಲೇ, ನೋಡುವಂಥದ್ದು ಅದರಲ್ಲಿ ಏನಾದರೂ ಇದೆಯೇ, ಇಲ್ಲ ಕುರಿಯನ್ನು ಬೋಳಿಸಿದ ಹಾಗೆ ನಮ್ಮನ್ನು ಮೂರನೇ ಸಲ ಬೋಳಿಸುತ್ತಿದ್ದಾರೆಯೇ ಎಂದು. ಇನ್ನೊಂದು, ಫಾರ್ಮಿನ ಮಾರಾಟ ಎಲ್ಲಿಗೆ ಬಂತು, ನೀವಿಬ್ಬರೂ ಪರ್ತ್‌ಗೆ ಬರುವುದು ಯಾವಾಗ, ನಿಮ್ಮ ಕೋಣೆಗೆ ಹಳದಿ ಬಣ್ಣ ಬಳಿದಾಯಿತು ಎಂದು. ಮೊದಲನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಎರಡನೆಯದು ಅದರ ಹಿಂದೆಯೇ ತಾನಾಗಿ ಬರುತ್ತದೆ, ತಾಳ್ಮೆ ಇರಲಿ.

ಈಸ್ಟರ್ ದಿನ ನಿಮ್ಮಪ್ಪ ಊಟದ ತಟ್ಟೆ ಸರಿಸಿ, ಸಾಕು ನೋಲೀನ್, ಮಾರಿಬಿಡೋಣ, ಮಗಳ ಹತ್ತಿರ ಹೋಗಿಬಿಡೋಣ ಎಂದದ್ದು ನಿನಗೆ ಗೊತ್ತು. ಯಾಕೆ ಎಂದರೆ ಮಂಡಿನೋವು ಎಂದ. ಆ ಮಂಡಿನೋವಿನ ಮನುಷ್ಯ ಅದೇ ಸಂಜೆ ಬೇಲಿ ಹಾರಿ ಟಗರನ್ನು ಹಿಡಿದು ತಂದ. ನನಗೆ ಗೊತ್ತಿದ್ದದ್ದು ಇಷ್ಟೇ: ಇಪ್ಪತ್ತು ವರ್ಷಗಳಿಂದ ಅವನಿಗೆ ಈ ಕಣಿವೆ ಮೈಗೆ ಒಗ್ಗುತ್ತಿರಲಿಲ್ಲ. ಪೇಟೆಗೆ ಹೋಗಬೇಕಾದರೆ ಪಕ್ಕದ ಫಾರ್ಮಿನ ರಾವಿರಿಯ ಮನೆ ಮುಂದಿನ ನೆಟ್ಟಗಿನ ರಸ್ತೆ ಬಿಟ್ಟು ಗುಡ್ಡ ಸುತ್ತಿಕೊಂಡು ಹೋಗುತ್ತಿದ್ದ. ಪಬ್ಬಿಗೆ ಹೋಗುವುದು ಬಿಟ್ಟ. ಕುರಿ ಉಣ್ಣೆ ಕತ್ತರಿಸುವ ಕಾಲದಲ್ಲಿ ಪಕ್ಕದವರನ್ನು ಕರೆಯುವುದು ಬಿಟ್ಟ. ಯಾಕೆ ಎಂದು ನನಗೆ ಗೊತ್ತಿರಲಿಲ್ಲ. ಕಾರಣವೇ ಗೊತ್ತಿಲ್ಲದೆ ಹುಟ್ಟಿದ ಊರು ಬಿಟ್ಟು ಹೋಗಬೇಕಲ್ಲ ಎಂದು ನನಗೆ ಒಳಗೊಳಗೇ ಸಂಕಟ.

ಈಗ ಸಿನಿಮಾದ ಮಾತು. ಅವರು ಇಲ್ಲಿ ಚಿತ್ರೀಕರಣಕ್ಕೆ ಬಂದಾಗ ನೀನು ಚಿಕ್ಕವಳು. ನಿನಗೆ ನೆನಪಿರುವುದು ಕುದುರೆಗಳು ಮತ್ತು ಬಿಟ್ಟಿ ಊಟ ಎರಡೇ. ನಾಲಗೆ ಕಿತ್ತ ಗಂಟೆಯ ಕಥೆ ಅದು. ಆ ಗಂಟೆಯ ನಾಲಗೆಯನ್ನು ಒಬ್ಬ ಹುಡುಗಿ ಬೆಟ್ಟ ದಾಟಿಸಿ ಒಯ್ಯುತ್ತಾಳೆ. ಕಪ್ಪು ಕವಚದ ಮೂಕ ಪಡೆ ಅವಳ ಬೆನ್ನು ಹತ್ತುತ್ತದೆ. ಸ್ವಂತ ಕುದುರೆ ಇದ್ದವರನ್ನೆಲ್ಲ ಆ ಮೂಕ ಪಡೆಗೆ ಸೇರಿಸಿಕೊಂಡರು. ನಿಮ್ಮಪ್ಪ ಅದರಲ್ಲಿ ಒಬ್ಬ. ನಮ್ಮ ಪಕ್ಕದ ಫಾರ್ಮಿನ ರಾವಿರಿಯ ಅಪ್ಪ, ಕೋರೊ ಪಾಓರಾ, ಊರು ಬಿಟ್ಟು ಓಡುವ ಜನರ ಗುಂಪಿನಲ್ಲಿ ಕಂಬಳಿ ಹೊದ್ದು ಗಾಡಿ ಹೊಡೆಯುವ ಮುದುಕ. ಮೂಕ ಪಡೆ ಎದುರಿನಿಂದ ಬಂದು ಗಾಡಿಗಳ ಪಕ್ಕದಲ್ಲೇ ಹಾದು ಹೋಗಬೇಕು, ಮುದುಕ ಹೆದರಿ ತಲೆ ತಗ್ಗಿಸಬೇಕು. ಇಷ್ಟೇ ದೃಶ್ಯ.

ಇಷ್ಟನ್ನೂ ಕೆಡಿಸಿದ ನಿಮ್ಮಪ್ಪ. ಪರ್ತ್‌ನಲ್ಲಿ ಇದ್ದು ನಿನಗೆ ಮರೆತಿರಬಹುದು, ಇಲ್ಲಿ ಎದುರಿಗೆ ಗಾಡಿ ಬಂದರೆ ಸ್ಟಿಯರಿಂಗಿನ ಮೇಲಿನ ತೋರುಬೆರಳು ಒಂದಿಷ್ಟು ಎದ್ದು ನಮಸ್ಕಾರ ಹೇಳಲೇಬೇಕು. ಗುರುತಿದ್ದವರಾಗಲಿ, ಇಲ್ಲದವರಾಗಲಿ. ಅದು ಕೈ ಮಾಡುವ ಕೆಲಸವಲ್ಲ, ಉಸಿರಾಡಿದ ಹಾಗೆ. ಕೋರೊ ಪಾಓರಾ ಗಾಡಿಯಲ್ಲಿ ಎದುರಾಗಿದ್ದೇ ತಡ, ಕಪ್ಪು ಕವಚ, ಕೊಂಬಿನ ಶಿರಸ್ತ್ರಾಣ, ರಕ್ತ ಬಳಿದ ಕತ್ತಿ, ಎಲ್ಲದರ ನಡುವೆ ಲಗಾಮಿನ ಮೇಲಿಂದ ನಿಮ್ಮಪ್ಪನ ಬೆರಳು ಎದ್ದಿತು. ಕೋರೊ ಏನು ಮಾಡಿಯಾರು? ಅವರ ಬೆರಳೂ ಎದ್ದಿತು. ಮತ್ತೆ ತೆಗೆದರು, ಮತ್ತೆ ಎದ್ದಿತು. ಕೊನೆಗೆ ಒಬ್ಬಳು ಬಂದು ನಿಮ್ಮಪ್ಪನ ಬೆರಳನ್ನು ಕಪ್ಪು ಟೇಪಿನಿಂದ ಲಗಾಮಿಗೆ ಬಿಗಿದು ಹೋದಳು. ಆಗ ಬೆರಳಿನ ಬದಲು ಗಲ್ಲ ಎತ್ತಿದ. ಆವತ್ತು ಇಡೀ ಕಣಿವೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಆ ಚಳಿಗಾಲದಲ್ಲೇ ಕೋರೊ ತೀರಿಕೊಂಡರು. ಅವರ ಒಂದೆರಡು ಫೋಟೊ ಇದ್ದವು, ಅದರಲ್ಲೂ ಒಂದು ಮಸುಕು. ಓಡಾಡುವ, ಕಣ್ಣು ಮಿಟುಕಿಸುವ ಕೋರೊ ಎಲ್ಲಿಯೂ ಇರಲಿಲ್ಲ, ಆ ಸಿನಿಮಾದಲ್ಲಿ ಬಿಟ್ಟು. ಸಾವಿನ ಮನೆಯಲ್ಲಿ ರಾವಿರಿ ಎದ್ದು ನಿಂತು ಮಾತಾಡುವಾಗ, ಅಪ್ಪ ಹೋಗಿಲ್ಲ, ಗಾಡಿ ಹೊಡ್ಕೊಂಡು ಬರ್ತಾ ಇದಾರೆ, ಸಿನಿಮಾ ಬರಲಿ ಎಂದಿದ್ದ.

ಸಿನಿಮಾ ಬಂತು. ನಾವೆಲ್ಲ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋಗಿ ಕೂತೆವು. ಹುಡುಗಿ ಬಂದಳು, ಗಂಟೆ ಬಂತು, ಯುದ್ಧ ಬಂತು. ಕೋರೊ ಬರಲಿಲ್ಲ. ದೀಪ ಹತ್ತಿದ ಮೇಲೂ ರಾವಿರಿಯ ಮನೆಯವರು ಎದ್ದೇಳಲಿಲ್ಲ, ಹೆಸರುಗಳೆಲ್ಲ ಓಡಿ ಮುಗಿಯುವವರೆಗೆ ನೋಡುತ್ತಲೇ ಇದ್ದರು. ಹೊರಗೆ ಬಂದ ಮೇಲೆ ರಾವಿರಿ ನಿಮ್ಮಪ್ಪನ ಬೆನ್ನಿಗೆ ಗುದ್ದಿ, "ನಿನ್ನ ಬೆರಳು ನಮ್ಮಪ್ಪನ್ನ ನುಂಗಿಬಿಡ್ತಲ್ಲೋ!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಮ್ಮಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಆ ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಕೂತಿತೆಂದು ನನಗೆ ಗೊತ್ತಾದದ್ದು ಮೊನ್ನೆ ಭಾನುವಾರ.

ಮರುವರ್ಷ ಮೊದಲ ಉದ್ದನೆಯ ಆವೃತ್ತಿ ಬಂದಾಗ ಕಣಿವೆಯ ಮನೆಮನೆಯೂ ಅದನ್ನು ಕೊಂಡಿತು. ಈ ಸಲ ಇದ್ದೇ ಇರುತ್ತಾರೆ ಎಂದು. ಏನಿತ್ತು? ರಾಜ ಇನ್ನಷ್ಟು ಹೊತ್ತು ಕಿಟಕಿಯ ಹೊರಗೆ ನೋಡುತ್ತಾನೆ. ಕುಳ್ಳರು ಇನ್ನೆರಡು ಹಾಡು ಹಾಡುತ್ತಾರೆ. ಹುಡುಗಿ ನಡೆಯುತ್ತಾಳೆ, ನಡೆಯುತ್ತಾಳೆ, ನಡೆಯುತ್ತಾಳೆ. ಕೋರೊ ಇಲ್ಲ. ಆಗಿನಿಂದ ಉದ್ದನೆಯ ಆವೃತ್ತಿ ಅಂದರೆ ನನಗೆ ಮೂಗು ಮುರಿಯುವ ಅಭ್ಯಾಸ. ಕತ್ತರಿಸಿ ಎಸೆದದ್ದನ್ನು ಮತ್ತೆ ಹೊಲಿದು ಹೊಸ ಪೆಟ್ಟಿಗೆಯಲ್ಲಿ ಮಾರುವುದು ಎಂದು ಅಂಗಡಿಯಲ್ಲೇ ಗಟ್ಟಿಯಾಗಿ ಹೇಳಿ ನಿನಗೆ ಅವಮಾನ ಮಾಡಿದ್ದೆ, ನೆನಪಿದೆಯೇ? ನಿಮ್ಮಪ್ಪನಂತೂ ಟಿವಿಯಲ್ಲಿ ಆ ಗಂಟೆಯ ಸದ್ದು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದ. ಪಾಪ, ಜನ ಆಡಿಕೊಂಡರೆಂದು ನಾಚಿಕೆ ಇರಬೇಕು ಎಂದುಕೊಂಡಿದ್ದೆ.

ಹಾಗಾಗಿ ಈ ಮೂರನೆಯದು, ಎಲ್ಲಕ್ಕಿಂತ ಉದ್ದದ್ದು, ಬಂದಿದೆ ಎಂದು ನೀನು ಬರೆದಾಗ ಬೇಡವೇ ಬೇಡ ಎಂದು ಉತ್ತರಿಸಲು ಕೂತಿದ್ದೆ. ಅಷ್ಟರಲ್ಲಿ ರಾವಿರಿಯ ಹೆಂಡತಿ ಹುಇಯಾ ಫೋನು ಮಾಡಿದಳು.

"ನೋಲೀನ್, ಮನೆಗೆ ಬಾ. ಕೆಲಸ ಎಲ್ಲ ಬಿಟ್ಟು ಬಾ. ಮಾವ ಇದಾರೆ ಕಣೆ. ಇದ್ರಲ್ಲಿ ಮಾವ ಇದಾರೆ."

ಹಿಟ್ಟಿನ ಕೈಯಲ್ಲೇ ಹೋದೆ. ಹುಇಯಾಳ ಅಡುಗೆಮನೆಯಲ್ಲಿ ಇಬ್ಬರೂ ಸ್ಟೂಲಿನ ಮೇಲೆ ಕೂತು ಆ ಒಂದು ದೃಶ್ಯ ಮಾತ್ರ ನೋಡಿದೆವು. ಆಮೇಲೆ ಅದೇ ದೃಶ್ಯವನ್ನು ನಿರ್ದೇಶಕನ ಮಾತಿನ ಜೊತೆ ನೋಡಿದೆವು. ಇಂಥ ಪೆಟ್ಟಿಗೆಗಳಲ್ಲಿ ಅದೊಂದು ಬೇರೆ ಇರುತ್ತದೆ, ಚಿತ್ರ ಓಡುತ್ತಿರುವಾಗಲೇ ಅದನ್ನು ಮಾಡಿದವರು ಪಕ್ಕದಲ್ಲಿ ಕೂತ ಹಾಗೆ ಹರಟುತ್ತಾ ಹೋಗುತ್ತಾರೆ. ಹುಇಯಾ ನಕ್ಕಳು, ಅತ್ತಳು, ಕಣ್ಣೊರಸಿಕೊಂಡು ನನ್ನ ಕೈ ಹಿಡಿದಳು.

"ರಸೆಲ್ ಬರ್ಬೇಕು ಇದಕ್ಕೆ," ಎಂದಳು.

"ಬರಲ್ಲ ಕಣೆ. ಫಾರ್ಮು ಮಾರಿ ಓಡಿಹೋಗೋ ತರಾತುರಿಯಲ್ಲಿದಾನೆ."

"ಅದಕ್ಕೇ ಬರ್ಬೇಕು. ರಾವಿರಿನ ಕಳಿಸ್ತೀನಿ. ನೀನು ಬಾಯಿ ಬಿಡಬೇಡ."

ಮರುದಿನ ಬೆಳಿಗ್ಗೆ ರಾವಿರಿಯ ಪಿಕಪ್ ನಮ್ಮ ಗೇಟಿನೊಳಗೆ ಬಂತು. ನಿಮ್ಮಪ್ಪ ಕಿಟಕಿಯಿಂದ ನೋಡಿದವನೇ ಹಿಂಬಾಗಿಲಿನಿಂದ ಉಣ್ಣೆ ಕೊಟ್ಟಿಗೆಗೆ ನುಸುಳಿ, ಎಣ್ಣೆ ಬೇಡದ ಯಂತ್ರಕ್ಕೆ ಎಣ್ಣೆ ಬಿಡುತ್ತಾ ನಿಂತ. ರಾವಿರಿ ನನ್ನನ್ನು ಕೇಳಲೂ ಇಲ್ಲ, ಗಂಬೂಟು ಎಳೆದುಕೊಂಡು ನೇರ ಕೊಟ್ಟಿಗೆಗೇ ಹೋದ. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡೆ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

"ಏನೋ ರಸೆಲ್, ಇದೀಯಾ?"

"ಇದೀನಿ."

"ಭಾನುವಾರ ಮರಾಎಗೆ ಬಾ. ಅಪ್ಪ ಬರ್ತಾ ಇದಾರೆ."

ನಿಮ್ಮಪ್ಪನ ಕೈಯಿಂದ ಎಣ್ಣೆಯ ಡಬ್ಬಿ ಜಾರಿತು. ತಲೆ ಕೆಟ್ಟಿದೆಯೇ ಎನ್ನುವ ಹಾಗೆ ಅವನನ್ನು ನೋಡಿದ. "ಹೊಸ ಸಿನಿಮಾದಲ್ಲಿ ಇದಾರಂತೆ. ಹುಇಯಾ ನೋಡಿದಾಳೆ, ನನಗೆ ಇನ್ನೂ ತೋರಿಸಿಲ್ಲ. ಮನೇಲಿ ಸೋಫಾ ಮೇಲೆ ಚಿಪ್ಸ್ ತಿಂತಾ ನೋಡೋದಲ್ಲ ಇದು, ಮರಾಎಗೆ ಕರ್ಕೊಂಡು ಬರ್ತೀವಿ. ನೀನು ಬರ್ಬೇಕು," ಎಂದು ಹೇಳಿ ರಾವಿರಿ ಹೊರಟೇಬಿಟ್ಟ.

ನಿಮ್ಮಪ್ಪನಿಗೆ ಶನಿವಾರ ಮಂಡಿನೋವು ಬಂತು, ಭಾನುವಾರ ಬೆಳಿಗ್ಗೆ ಸೊಂಟನೋವೂ ಸೇರಿತು. ನಾನು ಕೋಟು ತಂದು ಅವನ ತೊಡೆಯ ಮೇಲೆ ಹಾಕಿ, ನೀನು ಬರದಿದ್ದರೆ ನಾನೊಬ್ಬಳೇ ಹೋಗುತ್ತೇನೆ, ಜನ ಕೇಳಿದರೆ ನಿಜ ಹೇಳುತ್ತೇನೆ ಎಂದೆ. ಯಾವ ನಿಜ ಎಂದು ಕೇಳಿದ. ಅದು ನನಗೂ ಗೊತ್ತಿರಲಿಲ್ಲ, ಆದರೆ ಆ ಮಾತಿಗೆ ಅವನು ಎದ್ದ.

ರಾವಿರಿಯ ಕುಲದವರೆಲ್ಲ ಸೇರುವ ಆ ಮರಾಎಯ ಗೇಟಿನ ಹೊರಗೆ ಎಲ್ಲರೂ ಕೋಟಿನ ಕಾಲರು ಎತ್ತಿಕೊಂಡು ನಿಂತಿದ್ದೆವು. ಎಲ್ಲರ ಮುಂದೆ ಹುಇಯಾ, ಒಂದು ಕೈಯಲ್ಲಿ ಎದೆಗೊತ್ತಿಕೊಂಡ ಕೋರೊ ಅವರ ಫೋಟೊ, ಇನ್ನೊಂದರಲ್ಲಿ ಆ ಸಿನಿಮಾದ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಹಲ್ಲು ಕಿರಿದ ಜೌಗಿನ ರಾಕ್ಷಸಿಯ ಚಿತ್ರ. ಒಳಗಿನಿಂದ ನ್ಯಾನಿ ವೈ ದನಿ ಎತ್ತಿ ಕರೆದರು. ಕುಲಕ್ಕೆಲ್ಲ ಹಿರಿಯರು ಅವರು, ಕೋರೊ ಅವರ ತಂಗಿ. ಸತ್ತವರನ್ನು, ಅವರನ್ನು ಹೊತ್ತು ತಂದವರನ್ನು ಬಾ ಬಾ ಎಂದು ಕರೆಯುವ ಆ ಕೂಗು ಕೇಳಿದರೆ ನನಗೆ ಯಾವತ್ತೂ ಮೈ ಜುಮ್ಮೆನ್ನುತ್ತದೆ. ಆ ರಾಕ್ಷಸಿಯೂ ಅಷ್ಟೇ ಮರ್ಯಾದೆಯಿಂದ ಒಳಗೆ ಹೋದಳು. ನಗು ಬರಬೇಕಿತ್ತು, ಬರಲಿಲ್ಲ.

ಚಪ್ಪಲಿ ಬೂಟು ಬಿಟ್ಟು ಸಭಾಮನೆಯೊಳಗೆ ಕೂತೆವು. ಗೋಡೆಯ ತುಂಬ ಹೋದವರ ಫೋಟೊಗಳು, ಅವುಗಳ ನಡುವೆ ಬಿಳಿ ಬೆಡ್‌ಶೀಟು ಕಟ್ಟಿದ್ದರು. ನಿಮ್ಮಪ್ಪ ಬಾಗಿಲ ಪಕ್ಕ, ಕೋಟು ಬಿಚ್ಚದೆ, ಓಡಿಹೋಗಲು ಅನುಕೂಲವಾಗುವ ಹಾಗೆ ಕೂತ. ಹುಇಯಾ ನೇರ ಆ ದೃಶ್ಯಕ್ಕೇ ಹಾಕುತ್ತೇನೆ ಎಂದಾಗ ನ್ಯಾನಿ ವೈ ಕೈ ಅಡ್ಡ ಹಿಡಿದರು.

"ಅಣ್ಣನ ಮನೆಗೆ ಕಿಟಕಿ ಹಾರಿ ಹೋಗ್ತೀರಾ? ರಸ್ತೆಯಲ್ಲಿ ಹೋಗೋಣ. ಮೊದಲಿಂದ ಹಾಕು."

ಮೊದಲಿನಿಂದ ಹಾಕಿದರು! ಕರ್ಸ್ಟಿ, ಆ ಉದ್ದವನ್ನು ನಾನು ಏನೆಂದು ಹೇಳಲಿ. ಮಧ್ಯಾಹ್ನ ಕೂತವರ ಕಾಲು ಜೋಮು ಹಿಡಿಯಿತು. ಅರ್ಧ ಜನ ಅಲ್ಲೇ ಹಾಸಿದ್ದ ಹಾಸಿಗೆಗಳ ಮೇಲೆ ಅಡ್ಡಾದರು, ಯಾರೋ ಗೊರಕೆ ಹೊಡೆದರು. ಹೊಸದಾಗಿ ಸೇರಿಸಿದ ಯುದ್ಧಗಳು ಹಳೆಯ ಯುದ್ಧಗಳ ಹಾಗೇ ಇದ್ದವು, ರಾಜ ಮತ್ತೆ ಅದೇ ಕಿಟಕಿ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಹುಡುಗಿ ಒಂದು ಹೊಳೆಯ ದಂಡೆಯಲ್ಲಿ ಕೂತು ರೊಟ್ಟಿ ಮುರಿದು ತಿನ್ನುವ ದೃಶ್ಯ ಬಂದಾಗ ನ್ಯಾನಿ ವೈ ತೊಡೆ ತಟ್ಟಿದರು.

"ಅಬ್ಬ, ಉಂಡಳಪ್ಪ! ಆವತ್ತು ಥಿಯೇಟರಲ್ಲಿ ನೋಡ್ದಾಗಿಂದ ನನಗೆ ಅದೇ ಚಿಂತೆ. ಬೆಟ್ಟ ಹತ್ತಿಸಿದ್ರು, ಇಳಿಸಿದ್ರು, ಒಂದು ತುತ್ತು ಹಾಕ್ಲಿಲ್ಲ ಆ ಮಗೂಗೆ."

ಅದು ನಿಜ. ಚಿಕ್ಕದರಲ್ಲಿ ಇರುವುದೆಲ್ಲ ಓಟ ಮತ್ತು ಹೊಡೆದಾಟ. ಜನ ಉಣ್ಣುವುದು, ತಲೆ ಬಾಚುವುದು, ಸತ್ತವರನ್ನು ಹೂಳುವುದು, ಸುಮ್ಮನೆ ಕೂರುವುದು, ಇವೆಲ್ಲ ಇದ್ದದ್ದು ಈ ಉದ್ದದ್ದರಲ್ಲಿ. ಕತ್ತರಿಸುವಾಗ ಮೊದಲು ಹೋಗುವುದು ಅದೇ ತಾನೇ.

ಆಮೇಲೆ ಆ ರಸ್ತೆ ಬಂತು. ನಮ್ಮ ರಸ್ತೆಯೇ, ಟಾರು ಕಾಣದ ಹಾಗೆ ಮಣ್ಣು ಸುರಿದದ್ದು. ಗಾಡಿಗಳು ಬಂದವು. ಮೂರನೆಯ ಗಾಡಿಯಲ್ಲಿ ಕೋರೊ. ಮೂಗಿನ ಮೇಲೆ ಮಂಜಿನ ಹನಿ, ತುಟಿ ಮುಂದೆ ಮಾಡಿ ಕುದುರೆಗೆ ಏನೋ ಗೊಣಗುತ್ತಿದ್ದಾರೆ, ಬದುಕಿದ್ದಾಗ ಗೊಣಗುತ್ತಿದ್ದ ಹಾಗೇ. ಎದುರಿನಿಂದ ಮೂಕ ಪಡೆ. ಕೊಂಬಿನ ಶಿರಸ್ತ್ರಾಣದ ಒಬ್ಬ ಸವಾರ ಪಕ್ಕಕ್ಕೆ ಬಂದ. ಅವನ ಲಗಾಮಿನ ಮೇಲಿಂದ, ಗೇಟಿಗೆ ಸಿಕ್ಕಿ ಸೊಟ್ಟಗಾದ ಆ ಬೆರಳು ಎದ್ದಿತು. ಕೋರೊ ಅವರ ಮುಖದಲ್ಲಿ ಹೆದರಿಕೆಯೂ ಇಲ್ಲ ಏನೂ ಇಲ್ಲ. ಅವರ ಬೆರಳೂ ಎದ್ದಿತು. ಗಾಡಿ ಮುಂದೆ ಹೋಯಿತು.

"ರಸೆಲ್!" ಎಂದು ನ್ಯಾನಿ ವೈ ಕಿರುಚಿದರು. "ಆ ಸೊಟ್ಟ ಬೆರಳು ರಸೆಲ್‌ದು!"

ಇಡೀ ಮನೆ ಒಂದೇ ಸಲ ನಕ್ಕಿತು, ಆ ನಗು ಹಾಗೇ ಅಳುವಾಯಿತು. ಹಿಂದಕ್ಕೆ ಓಡಿಸು, ಇನ್ನೊಂದು ಸಲ, ಇನ್ನೊಂದು ಸಲ ಎಂದು ಕೂಗಾಟ. ಮುದುಕಿಯರು ಬೆಡ್‌ಶೀಟಿನ ಹತ್ತಿರ ಹೋಗಿ ಕೋರೊ ಜೊತೆ ಮಾತಾಡಿದರು, ಬೈದರು, ಇಷ್ಟು ವರ್ಷ ಎಲ್ಲಿ ಹೋಗಿದ್ದೆ ಎಂದು ಕೇಳಿದರು. ರಾವಿರಿ ಮಾತ್ರ ನಡುಮನೆಯಲ್ಲಿ ನಿಂತು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದ.

ಆಗ ನಿಮ್ಮಪ್ಪ ಎದ್ದ. ಹೊರಟ ಎಂದುಕೊಂಡೆ. ಹೊರಡಲಿಲ್ಲ. ಜನರ ಮುಂದೆ ಎರಡು ಮಾತು ಆಡದ ಮನುಷ್ಯ, ಕೋಟಿನ ಗುಂಡಿ ತಿರುವುತ್ತಾ, ನೆಲ ನೋಡುತ್ತಾ ಹೇಳಿದ.

"ರಾವಿರಿ, ತಪ್ಪಾಯ್ತು ಕಣೋ. ನನ್ನ ಬೆರಳಿಂದ ಇಪ್ಪತ್ತು ವರ್ಷ ನಿಮ್ಮಪ್ಪ ನಿಮಗೆ ಸಿಗದ ಹಾಗಾಯ್ತು. ನಾನು ಅದನ್ನ ಕೆಡಿಸದೇ ಇದ್ದಿದ್ರೆ ಮೊದಲನೇದ್ರಲ್ಲೇ ಇರ್ತಿದ್ರು."

ರಾವಿರಿ ಕಣ್ಣೊರಸಿಕೊಂಡು ಅವನನ್ನೇ ದಿಟ್ಟಿಸಿದ. ಏನೂ ಅರ್ಥವಾಗದ ಮುಖ.

"ಏನು ಬೆರಳು? ಯಾರು ಹೇಳಿದ್ದು ನಿಂಗೆ?"

"ನೀನೇ ಹೇಳಿದ್ದು. ಥಿಯೇಟರ್ ಹೊರಗೆ. ನನ್ನ ಬೆರಳು ನಿಮ್ಮಪ್ಪನ್ನ ನುಂಗ್ತು ಅಂತ."

"ನಾನಾ?" ರಾವಿರಿ ಹುಇಯಾಳ ಕಡೆ ತಿರುಗಿದ. "ಅಂದಿದ್ನಾ ನಾನು?"

ಅವನಿಗೆ ನೆನಪೇ ಇರಲಿಲ್ಲ, ಕರ್ಸ್ಟಿ. ಆವತ್ತು ಅಳು ತಡೆಯಲಿಕ್ಕೆ ಏನೋ ಒಂದು ಅಂದವನು ಕಾರು ಹತ್ತುವ ಮೊದಲೇ ಅದನ್ನು ಮರೆತಿದ್ದ. ಇವನು ಅದನ್ನು ಹೊತ್ತುಕೊಂಡು ಗುಡ್ಡ ಸುತ್ತಿದ್ದ.

"ಮಾರಾಯ, ನಾನು ಏನೇನೋ ಅಂತಿರ್ತೀನಿ! ಅಪ್ಪನ ಮಣ್ಣಿಗೆ ಹೆಗಲು ಕೊಟ್ಟೋನು ಆಮೇಲೆ ನಮ್ಮ ಮನೆ ಹೊಸಿಲು ತುಳೀಲಿಲ್ಲ. ರಸ್ತೆಯಲ್ಲಿ ಸಿಕ್ರೂ ಬೆರಳು ಎತ್ತಲಿಲ್ಲ. ನಾವೇನು ಮಾಡಿದ್ವಿ ಅವನಿಗೆ ಅಂತ ನಾನು ಇವಳ ತಲೆ ತಿಂದಿದೀನಿ, ಕೇಳು ಬೇಕಾದ್ರೆ."

"ತಡೀರಿ ಇಬ್ರೂ," ಎಂದಳು ಹುಇಯಾ. "ಆ ಮಾಡಿದೋನ ಬಾಯಲ್ಲೇ ಕೇಳಿ."

ನಿರ್ದೇಶಕನ ಮಾತಿನ ಜೊತೆ ಅದೇ ದೃಶ್ಯ ಮತ್ತೆ ಹಾಕಿದಳು. ಅಡುಗೆಮನೆಯಲ್ಲಿ ಇದನ್ನು ಕೇಳಿದಾಗ ನನಗೆ ಅದರ ಬೆಲೆ ಗೊತ್ತಾಗಿರಲಿಲ್ಲ. ಸಿನಿಮಾ ತೀರಾ ಉದ್ದವಾಯಿತು ಎಂದು ಮೇಲಿನವರು ಗಲಾಟೆ ಮಾಡಿದರು, ಹುಡುಗಿಯ ಚಿಕ್ಕಪ್ಪನ ಕಥೆಯನ್ನೇ ಪೂರ್ತಿ ಎತ್ತಿಬಿಟ್ಟೆವು, ಅದರ ಜೊತೆ ಈ ರಸ್ತೆಯೂ ಹೋಯಿತು, ಮೊದಲ ಸಲ ಉದ್ದ ಮಾಡಿದಾಗಲೂ ಜಾಗ ಸಿಗಲಿಲ್ಲ ಎಂದ ಆತ. ಕೊನೆಗೆ ಹೇಳಿದ್ದು ಇದು: ಆ ಸವಾರ ಮತ್ತು ಮುದುಕನಿಗೆ ಆ ಬೆರಳನ್ನು ನಾನು ಹೇಳಿಕೊಟ್ಟದ್ದಲ್ಲ, ಬೇಡ ಬೇಡ ಎಂದರೂ ಅವರೇ ಮಾಡಿದ್ದು, ಬೆರಳಿಲ್ಲದ್ದೂ ತೆಗೆದಿಟ್ಟಿದ್ದೆವು, ಆದರೆ ಈಗ ಸೇರಿಸುವಾಗ ನಾನು ಆರಿಸಿದ್ದು ಇದನ್ನೇ.

ಆಮೇಲೆ ರಾವಿರಿ ನಿಮ್ಮಪ್ಪನ ಎರಡೂ ಭುಜ ಹಿಡಿದು ಕುಲುಕಿದ.

"ಕೇಳಿದ್ಯಾ? ಚಿಕ್ಕಪ್ಪನ್ನೇ ಎತ್ತಾಕಿದಾರಂತೆ! ನಿನ್ನ ಒಂದು ಬೆರಳಿಗೋಸ್ಕರ ಸಿನಿಮಾ ಕತ್ತರಿಸೋಕೆ ನೀನೇನು ಮಹಾರಾಜನಾ?"

ಎಂದವನೇ, ಅವರಲ್ಲಿ ಮಾಡುವ ಹಾಗೆ, ಅವನ ಮೂಗಿಗೆ ತನ್ನ ಮೂಗು, ಹಣೆಗೆ ಹಣೆ ತಾಗಿಸಿ ನಿಂತುಬಿಟ್ಟ. ಎಷ್ಟು ಹೊತ್ತು ನಿಂತರೋ. ನಿಮ್ಮಪ್ಪನ ಹೆಗಲು ಅಲುಗುತ್ತಿತ್ತು. ನಮ್ಮ ಮದುವೆಯಾದ ಮೇಲೆ ಅವನು ಅತ್ತದ್ದು ನಾನು ನೋಡಿದ್ದು ಇದೇ ಮೊದಲು. ನನಗೆ ಸಂಕಟವಾಗಲಿಲ್ಲ. ಎದೆಯ ಮೇಲಿಂದ ನೆನೆದ ಉಣ್ಣೆಯ ಮೂಟೆ ಇಳಿಸಿದ ಹಾಗಾಯಿತು.

ಆಮೇಲೆ ಊಟದ ಮನೆಗೆ ಹೋಗಿ ಹಂದಿಮಾಂಸ, ಸೊಪ್ಪಿನ ಸಾರು, ಹುರಿದ ರೊಟ್ಟಿ ಗಡದ್ದಾಗಿ ಉಂಡೆವು. ಸಿನಿಮಾ ಇನ್ನೂ ಮುಗಿದಿರಲಿಲ್ಲ ಎಂದು ಯಾರಿಗೋ ನೆನಪಾದದ್ದು ಪುಡಿಂಗ್ ಹೊತ್ತಿಗೆ. ಗಂಟೆ ಮತ್ತೆ ಬಾರಿಸಿತೋ ಇಲ್ಲವೋ ಎಂದು ಒಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಭಿಮಾನಿಗಳು ಈಗ ಇಂಟರ್ನೆಟ್ಟಿನಲ್ಲಿ ಆ ಬೆರಳಿನ ಬಗ್ಗೆ ಜಗಳವಾಡುತ್ತಿದ್ದಾರಂತೆ, ಮೂಕ ಪಡೆಯೊಳಗೆ ಒಬ್ಬ ಒಳ್ಳೆಯವನಿದ್ದ, ಅದು ಅವನ ಗುಪ್ತ ಸಂಕೇತ ಎಂದು. ಹುಇಯಾ ಓದಿ ಹೇಳಿದಾಗ ನಿಮ್ಮಪ್ಪ ಸಾರಿನ ಬಟ್ಟಲು ಕೆಳಗಿಟ್ಟು, ಸಂಕೇತವಂತೆ, ಎಂದು ನಾಚಿಕೊಂಡ.

ಆದ್ದರಿಂದ ಮಗಳೇ, ನಿನ್ನ ಮೊದಲ ಪ್ರಶ್ನೆಗೆ ಉತ್ತರ. ನೀನು ಕೊಳ್ಳಬೇಡ, ಹುಇಯಾ ನಮಗೂ ಒಂದು ತರಿಸಿಕೊಟ್ಟಿದ್ದಾಳೆ. ಬೇರೆಯವರು ಕೇಳಿದರೆ ಹೀಗೆ ಹೇಳು: ಕಥೆ ಗೊತ್ತಿಲ್ಲದವರು ಚಿಕ್ಕದನ್ನೇ ನೋಡಲಿ, ಉದ್ದದ್ದನ್ನು ಮೊದಲು ನೋಡಿದರೆ ನಡುವೆ ಎದ್ದು ಹೋಗುತ್ತಾರೆ. ಆ ಲೋಕದೊಳಗೆ ಈಗಾಗಲೇ ಒಂದು ಸಲ ಬಾಳಿ ಬಂದವರು ಉದ್ದದ್ದನ್ನು ನೋಡಲಿ, ಹಾಡು ಬಂದಾಗ ಚಹಾ ಕಾಯಿಸಿಕೊಳ್ಳಲಿ. ನಡುವಿನ ಆ ಎರಡನೆಯದು ಶುದ್ಧ ದಂಡ, ಅದರ ಬಗ್ಗೆ ನನ್ನ ಮಾತು ಬದಲಾಗಿಲ್ಲ. ಆದರೆ ಕತ್ತರಿಸಿ ಎಸೆದದ್ದೆಲ್ಲ ಕಸ ಎಂದು ನಾನು ಇನ್ನು ಅಂಗಡಿಯಲ್ಲಿ ಕೂಗುವುದಿಲ್ಲ.

ಎರಡನೆಯ ಪ್ರಶ್ನೆಗೆ ನೀನೇ ಉತ್ತರ ಬರಿ ಎಂದು ನಿಮ್ಮಪ್ಪನಿಗೆ ಪೆನ್ನು ಕೊಟ್ಟೆ. ನೀನೇ ಬರಿ, ನನಗೆ ಕೆಲಸ ಇದೆ ಎಂದು ತಪ್ಪಿಸಿಕೊಂಡ. ಕೆಲಸ ಇರುವುದು ನಿಜ. ನಿನ್ನೆ ಬೆಳಿಗ್ಗೆ ಪೇಟೆಗೆ ಹೋಗಿ, ರಾವಿರಿಯ ಮನೆ ಮುಂದಿನ ರಸ್ತೆಯಲ್ಲೇ ಹೋಗಿ, ಮಾರಾಟದ ಏಜೆಂಟನಿಗೆ ಬೇಡ ಎಂದು ಹೇಳಿ ಬಂದಿದ್ದಾನೆ. ಇವತ್ತು ರಾವಿರಿಯ ಬೇಲಿ ರಿಪೇರಿಗೆ ಹೋಗಿದ್ದಾನೆ. ನಾವು ಬರುತ್ತಿಲ್ಲ, ಕರ್ಸ್ಟಿ. ಕೋಣೆಗೆ ಬಣ್ಣ ಬಳಿದ ನಿನಗೆ ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಆದರೆ ಸುಳ್ಳು ಹೇಳಲಾರೆ, ನನಗೆ ತುಂಬ ಸಂತೋಷವಾಗಿದೆ. ನೀನೇ ಕ್ರಿಸ್‌ಮಸ್‌ಗೆ ಬಾ. ಒಂದು ತಿಂಗಳು ಇರುವ ಹಾಗೆ ಬಾ.

ನಿನ್ನ ದಾರಿ ನೋಡುವ, ಸದ್ಯಕ್ಕೆ ಎಲ್ಲಿಗೂ ಹೊರಡದ,
ಅಮ್ಮ ನೋಲೀನ್

ತಾ.ಕ.: ಇದೊಂದನ್ನು ಬರೆಯಬಾರದು ಎಂದುಕೊಂಡಿದ್ದೆ, ನಿಮ್ಮಪ್ಪ ಫೋನಿನಲ್ಲಿ ಹೇಳಿ ನಗುವ ಮೊದಲು ನಾನೇ ಹೇಳಿಬಿಡುತ್ತೇನೆ. ಈಸ್ಟರ್ ಆದ ವಾರದಲ್ಲೇ ನನ್ನ ಸೂಟ್‌ಕೇಸು ಕಟ್ಟಿ, ಬೀಗ ಹಾಕಿ, ಹಜಾರದಲ್ಲಿ ಅವನಿಗೆ ಕಾಣುವ ಹಾಗೆ ಇಟ್ಟಿದ್ದೆ. ನಿನ್ನೆ ಪೇಟೆಯಿಂದ ಬಂದವನು, ಬಿಚ್ಚಿ ಬಟ್ಟೆ ಬೀರುವಿಗೆ ಜೋಡಿಸಿಕೊಡುತ್ತೇನೆ ಎಂದು ಹುಮ್ಮಸ್ಸಿನಿಂದ ಅದನ್ನು ಎತ್ತಿದ, ಎತ್ತಿದ ರಭಸಕ್ಕೆ ಹಿಂದಕ್ಕೆ ಬೀಳುವುದೊಂದು ಬಾಕಿ. ಒಳಗೆ ಏನೂ ಇರಲಿಲ್ಲ. ತೆರೆದು, ಒಳಗೆ ಕೈ ಆಡಿಸಿ ನೋಡಿ, ಮಂಡಿಯೂರಿದಲ್ಲಿಂದಲೇ ನನ್ನ ಮುಖ ನೋಡಿದ. "ಇಷ್ಟು ದಿನ ನಿನಗೆ ಹೋಗೋ ಮನಸ್ಸೇ ಇರ್ಲಿಲ್ವಾ? ಒಂದು ಮಾತು ಹೇಳಬಾರದಿತ್ತಾ ನಂಗೆ?" ಎಂದ. "ನೀನು ಹೇಳಿದ್ಯಾ?" ಎಂದೆ.